ಭೀಕರ ದೃಶ್ಯಗಳೂ ವಿದ್ಯಾರ್ಥಿಯ ಚಿತ್ತವೂ

ಕಣ್ಣು ಕಂಡುದು ಕಣ್ಣಿನಲ್ಲಿಯೇ ನಿಲ್ಲುವುದಿಲ್ಲ, ಚಿತ್ತಕ್ಕಿಳಿದು ನೆಲೆಯೂರುತ್ತದೆ. ಅಪಘಾತ, ಹಿಂಸೆ, ಸಾವುಗಳ ಚಿತ್ರಗಳು ದೂರದರ್ಶನದಿಂದಲೂ ಮೊಬೈಲಿನಿಂದಲೂ ಎಳೆಯರನ್ನು ಎಡೆಬಿಡದೆ ತಲಪುತ್ತಿರುವ ಈ ಕಾಲದಲ್ಲಿ, ಅವುಗಳ ಪರಿಣಾಮವನ್ನು ಅಧ್ಯಾಪಕರೂ ಪೋಷಕರೂ ಅರಿತಿರುವುದು ಅವಶ್ಯವಾಗಿದೆ.

ಕೂಡುವ ಲೆಕ್ಕದಲ್ಲಿ ಬಂದ ದಶಕವನ್ನು ಮನಸ್ಸಿನಲ್ಲಿರಿಸಿಕೊಳ್ಳುವ, ದೀರ್ಘವಾಕ್ಯದಲ್ಲಿ ಕ್ರಿಯಾಪದ ಬರುವವರೆಗೂ ಕರ್ತೃಪದವನ್ನು ಮರೆಯದಿರುವ ಶಕ್ತಿಯೊಂದು ನಮಗುಂಟು. ಇದಕ್ಕೆ ಕಾರ್ಯನಿರತ ಸ್ಮೃತಿ ಎಂದು ಹೆಸರು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬ ವಿದ್ವಾಂಸರು ಇದರ ಸ್ವರೂಪವನ್ನು ವಿಶದವಾಗಿ ನಿರೂಪಿಸಿದರು. ಇದರ ಅವಕಾಶ ಬಹಳ ಕಿರಿದು. ಕಳವಳವು ಅದನ್ನು ಆಕ್ರಮಿಸಿದರೆ ವಿಚಾರಕ್ಕೆ ಸ್ಥಳವೆಲ್ಲಿ? ಓದಿದ ಸಾಲನ್ನೇ ಮತ್ತೆ ಮತ್ತೆ ಓದುವ, ಬಲ್ಲ ಲೆಕ್ಕದಲ್ಲಿಯೂ ತಪ್ಪುವ ಬಾಲಕನನ್ನು ಮಂದಮತಿಯೆಂದು ಗದರಿಸುವ ಮುನ್ನ, ಅವನ ಮನಸ್ಸನ್ನು ಯಾವುದು ಹಿಡಿದಿದೆಯೆಂದು ವಿಚಾರಿಸಬೇಕು.

2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಓಟದಲ್ಲಿ ಬಾಂಬುಗಳು ಸಿಡಿದವು. ಅನಂತರ 4,675 ಮಂದಿ ವಯಸ್ಕರನ್ನು ಕುರಿತು ಸಂಶೋಧಕರು ಪರಿಶೀಲನೆ ನಡೆಸಿದರು. ಮುಂದಿನ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಮಿಗಿಲಾಗಿ ಆ ವಾರ್ತೆಗಳಲ್ಲಿಯೇ ಮುಳುಗಿದ್ದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಿನ ಮನಃಕ್ಲೇಶ ಕಂಡುಬಂದಿತು. ಕಳವಳಗೊಂಡವರೇ ಹೆಚ್ಚು ನೋಡಿರಲೂಬಹುದು. ಆದರೂ ಪುನಃ ಪುನಃ ನೋಡುವುದು ನಿರಪಾಯವೆಂದು ಭಾವಿಸುವಂತಿಲ್ಲ.

ಹಾಗಾದರೆ ಲೋಕದ ದುಃಖವನ್ನು ಮಕ್ಕಳಿಂದ ಮರೆಮಾಡಬೇಕೆ? ಹಾಗಲ್ಲ. ಭರತನ ನಾಟ್ಯಶಾಸ್ತ್ರವು ಯುದ್ಧ, ಮರಣಾದಿಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಲಾಗದೆಂದೂ ಪ್ರವೇಶಕದ ಮೂಲಕ ಸೂಚಿಸಬೇಕೆಂದೂ ವಿಧಿಸಿತು. ಅಲ್ಲಿ ನಿಷೇಧವಿರುವುದು ಪ್ರದರ್ಶನಕ್ಕೇ ಹೊರತು ಅರಿವಿಗಲ್ಲ.

ಪಾಠಕ್ಕೂ ಈ ವಿವೇಕ ಸಲ್ಲುತ್ತದೆ. ಭೀಕರ ಚಿತ್ರವನ್ನು ಕಂಡವರಿಗೆ ಅದರ ನಡುವಣ ಭೀಕರ ವಸ್ತು ನೆನಪಿನಲ್ಲಿ ಉಳಿದು, ಸುತ್ತಣ ವಿವರಗಳು ಮಸುಕಾಗುವುದುಂಟು. 1943ರ ಬಂಗಾಳದ ಕ್ಷಾಮವನ್ನು ಬೋಧಿಸುವಾಗ ಎಲುಬುಗೂಡಿನಂತಹ ದೇಹಗಳ ಚಿತ್ರವನ್ನೇ ಮೊದಲು ಮುಂದಿಟ್ಟರೆ, ಅಕ್ಕಿಯ ಬೆಲೆ ಏರಿದ ಬಗೆ, ಯುದ್ಧಕಾಲದ ಆಡಳಿತದ ಲೋಪ ಮೊದಲಾದ ಕಾರಣಗಳು ಹಿಂದೆ ಸರಿದಾವು. ಮೊದಲು ಮಾತಿನಿಂದ ವಿವರಿಸಬೇಕು. ಚಿತ್ರ ಅನಿವಾರ್ಯವಾದರೆ ಮುನ್ಸೂಚನೆಯಿತ್ತು ಒಮ್ಮೆ ಮಾತ್ರ ತೋರಿಸಬೇಕು. ಬಳಿಕ ಮಕ್ಕಳ ಪ್ರಶ್ನೆಗಳಿಗೆ ಸಾವಧಾನದಿಂದ ಉತ್ತರಿಸಬೇಕು. ಪರೀಕ್ಷೆಯ ಮುಂಚೆಯಂತೂ ಇಂತಹ ದರ್ಶನ ಸಲ್ಲದು. ಕರುಣೆಯು ಬೆಳೆಯುವುದು ತಿಳಿವಿನಿಂದ; ಭೀತಿಯಿಂದ ನಡುಗುವ ಮನಸ್ಸಿಗೆ ಪರರ ನೋವನ್ನು ಆಲೋಚಿಸುವಷ್ಟು ಬಿಡುವೇ ಇರುವುದಿಲ್ಲ.