ರಿಪ್ಪನ್ ಕಟ್ಟಡ: ನಗರಾಡಳಿತದ ನೆಲೆ

ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣದ ಸಮೀಪದಲ್ಲಿ ಎತ್ತರವಾದ ಗಡಿಯಾರ ಗೋಪುರವುಳ್ಳ ಶ್ವೇತವರ್ಣದ ಭವ್ಯ ಸೌಧವೊಂದಿದೆ. ಇದೇ ಚೆನ್ನೈ ಮಹಾನಗರ ಪಾಲಿಕೆಯ ಕೇಂದ್ರ ಕಚೇರಿಯಾದ ರಿಪ್ಪನ್ ಕಟ್ಟಡ. ಕಡಲತೀರದ ರಾಯಪುರಂ ಮೊದಲ್ಗೊಂಡು ನಗರದ ಎಲ್ಲ ಬಡಾವಣೆಗಳ ಬೀದಿದೀಪ, ನೈರ್ಮಲ್ಯ, ಮಳೆನೀರಿನ ಚರಂಡಿ ಮುಂತಾದ ವಿಷಯಗಳು ಇಲ್ಲಿಯೇ ಚರ್ಚೆಗೆ ಬರುತ್ತವೆ.

ಪಾಲಿಕೆಯು ಈ ಕಟ್ಟಡಕ್ಕಿಂತ ಬಹು ಪ್ರಾಚೀನವಾದುದು. 1687ರ ಸನ್ನದಿನ ಮೇರೆಗೆ 1688ರ ಸೆಪ್ಟೆಂಬರ್ 29ರಂದು ಅಸ್ತಿತ್ವಕ್ಕೆ ಬಂದ ಇದು ಭಾರತದ ಅತ್ಯಂತ ಹಳೆಯ ನಗರಸಭೆ. ಮೊದಲು ಎರ್ರಬಾಲು ಚೆಟ್ಟಿ ಬೀದಿಯಲ್ಲಿದ್ದ ಕಚೇರಿಗೆ ಸ್ವಂತ ಸೌಧವನ್ನು ನಿರ್ಮಿಸುವ ಸಲುವಾಗಿ 1909ರಲ್ಲಿ ವೈಸ್‌ರಾಯ್ ಲಾರ್ಡ್ ಮಿಂಟೋ ಶಂಕುಸ್ಥಾಪನೆ ನೆರವೇರಿಸಿದರು. ಜಿ.ಎಸ್.ಟಿ. ಹ್ಯಾರಿಸ್ ಅವರ ವಿನ್ಯಾಸದಂತೆ ಲೋಗನಾಥ ಮೊದಲಿಯಾರ್ ಅವರು ಸುಮಾರು ಏಳೂವರೆ ಲಕ್ಷ ರೂಪಾಯಿ ವೆಚ್ಚದಲ್ಲಿ ಇದನ್ನು ಕಟ್ಟಿದರು. 1913ರಲ್ಲಿ ಲಾರ್ಡ್ ಹಾರ್ಡಿಂಜ್ ಉದ್ಘಾಟಿಸಿದರು.

ಕಟ್ಟಡವು 252 ಅಡಿ ಉದ್ದ, 126 ಅಡಿ ಅಗಲವಾಗಿದ್ದು, ಮೂರು ಅಂತಸ್ತುಗಳನ್ನು ಹೊಂದಿದೆ. ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಗ್ರೀಕ್ ಮಾದರಿಯ ಅಯೋನಿಕ್, ಕೊರಿಂಥಿಯನ್ ಕಂಬಗಳ ಜೊತೆಗೆ ಗೋಥಿಕ್ ಶೈಲಿಯ ಅಂಶಗಳೂ ಇಲ್ಲಿ ಬೆರೆತಿವೆ. 132 ಅಡಿ ಎತ್ತರದ ಗೋಪುರದಲ್ಲಿ ಎಂಟು ಅಡಿ ವ್ಯಾಸದ ಗಡಿಯಾರವಿದೆ.

ಕಟ್ಟಡದ ಹೆಸರಿನಲ್ಲಿ ಒಂದು ವಿಶೇಷ ಅರ್ಥವಿದೆ. 1880ರಿಂದ 1884ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ರಿಪ್ಪನ್ ಅವರು 1882ರ ನಿರ್ಣಯದ ಮೂಲಕ ಸ್ಥಳೀಯ ಸ್ವಯಮಾಡಳಿತಕ್ಕೆ ಬುನಾದಿ ಹಾಕಿದರು. ಆಡಳಿತದ ದಕ್ಷತೆಗಿಂತಲೂ ಮಿಗಿಲಾಗಿ, ಜನರಿಗೆ ರಾಜಕೀಯ ಶಿಕ್ಷಣ ದೊರೆಯಬೇಕೆಂಬುದು ಆ ನಿರ್ಣಯದ ಆಶಯವಾಗಿತ್ತು.

ಆದರೆ ಅವರ ಹೆಸರನ್ನು ಹೊತ್ತ ಸೌಧದಲ್ಲಿಯೇ ಈ ಆಶಯಕ್ಕೆ ದೀರ್ಘಕಾಲ ಅಡಚಣೆಯುಂಟಾಯಿತು. 1973ರಲ್ಲಿ ಚುನಾಯಿತ ಪರಿಷತ್ತು ವಿಸರ್ಜನೆಗೊಂಡ ನಂತರ 1996ರವರೆಗೂ, ಅಂದರೆ 23 ವರ್ಷಗಳ ಕಾಲ, ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳು ಕಚೇರಿಯನ್ನು ನಡೆಸಿದರು. ಬಡಾವಣೆಯ ಅಹವಾಲನ್ನು ಸಭೆಯ ಮುಂದಿಡುವ ಸದಸ್ಯರು ಮಾತ್ರ ಇರಲಿಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಇಂತಹ ಸ್ಥಿತಿಯನ್ನು ತಡೆಯಲು ಉದ್ದೇಶಿಸಿದೆ. ನಗರಸಭೆಯ ಅವಧಿ ಐದು ವರ್ಷ. ಅದು ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕು. ಅವಧಿಗೆ ಮೊದಲೇ ವಿಸರ್ಜನೆಯಾದರೆ ಆರು ತಿಂಗಳೊಳಗೆ ಹೊಸ ಪರಿಷತ್ತು ಬರಬೇಕು. ಹೀಗಿದ್ದರೂ 2016ರಿಂದ 2022ರವರೆಗೆ ಚೆನ್ನೈನಲ್ಲಿ ಮತ್ತೆ ಚುನಾಯಿತ ಪರಿಷತ್ತು ಇರಲಿಲ್ಲ. 2022ರ ಫೆಬ್ರವರಿಯಲ್ಲಿ 200 ವಾರ್ಡುಗಳಿಗೆ ಚುನಾವಣೆ ನಡೆದು, ಸಭಾಂಗಣಕ್ಕೆ ಜನಪ್ರತಿನಿಧಿಗಳು ಮರಳಿದರು.

ಪುರಾತನ ಕಟ್ಟಡಗಳ ಸಂರಕ್ಷಣೆ ಅಗತ್ಯವಾದುದು. ನಗರಸಭೆಯ ಕಟ್ಟಡದ ಮಟ್ಟಿಗೆ ಗೋಡೆ ಗೋಪುರಗಳ ರಕ್ಷಣೆಯಷ್ಟೇ ಸಾಲದು. ಸಕಾಲದಲ್ಲಿ ಚುನಾವಣೆ ನಡೆದು, ನಾಗರಿಕರು ತಪ್ಪದೆ ಮತ ಚಲಾಯಿಸಿದಾಗಲೇ ಆ ಸೌಧವು ತನ್ನ ಉದ್ದೇಶವನ್ನು ಪೂರೈಸುತ್ತದೆ.