ಕುಲಾವಿ ಹೊಲಿಯುವ ಮುನ್ನ

ಮಗಾ, ನಿನ್ನೆ ರಾತ್ರಿ ನೀನು ಗೆಳೆಯನ ಜೊತೆ ಫೋನಿನಲ್ಲಿ ಕಿತ್ತಾಡಿದ್ದು ಪಕ್ಕದ ಕೋಣೆಯವರೆಗೂ ಕೇಳಿಸಿತು. ಒಬ್ಬನನ್ನು ಬಿಟ್ಟುಕೊಟ್ಟು ಇಬ್ಬರನ್ನು ತಂದ ನಿಮ್ಮ ಹಾಕಿ ತಂಡದ ಮ್ಯಾನೇಜರ್ ದಡ್ಡನೆಂದು ಅರ್ಧ ಗಂಟೆಯಲ್ಲಿ ತೀರ್ಪೂ ಆಗಿಹೋಯಿತು. ಬಂದವರು ಇನ್ನೂ ಸ್ಕೇಟ್ ಕಟ್ಟಿಲ್ಲ, ನೀವು ಕುಲಾವಿ ಹೊಲಿದು ಮುಗಿಸಿದಿರಿ.

1988ರ ಆಗಸ್ಟ್ 9ನ್ನು ಕೇಳಿದ್ದೀಯಾ? ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಐದು ವರ್ಷದಲ್ಲಿ ನಾಲ್ಕು ಸಲ ಗೆದ್ದಿದ್ದ ಕೆನಡಾದ ಎಡ್ಮಂಟನ್ ಆಯ್ಲರ್ಸ್, ಅಂದು ತನ್ನ ತಾರೆ ವೇಯ್ನ್ ಗ್ರೆಟ್ಜ್ಕಿಯನ್ನೇ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟಿತು. ಅವನ ಜೊತೆ ಇನ್ನಿಬ್ಬರು ಹೋದರು. ಇತ್ತ ಬಂದದ್ದು ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, ಹೊಸ ಆಟಗಾರರನ್ನು ಆರಿಸುವ ಮೊದಲ ಸುತ್ತಿನ ಮೂರು ಡ್ರಾಫ್ಟ್ ಹಕ್ಕು, ಮೇಲೆ ಒಂದೂವರೆ ಕೋಟಿ ಡಾಲರ್. ಇದನ್ನು ಸರ್ಕಾರವೇ ತಡೆಯಬೇಕೆಂದು ಕೆನಡಾದ ಸಂಸದರೊಬ್ಬರು ಪಟ್ಟು ಹಿಡಿದರು. (ನಮ್ಮ ಕೊಡಗಿನ ಕೌಟುಂಬಿಕ ಹಾಕಿಯಲ್ಲಿ ಈ ರಗಳೆಯೇ ಇಲ್ಲ, ಮನೆತನದ ಹುಡುಗನನ್ನು ಯಾರಿಗೆ ಮಾರುತ್ತೀಯ!)

ಮರುವರ್ಷದ ಏಪ್ರಿಲ್‌ನಲ್ಲಿ ಕಿಂಗ್ಸ್ 3–1ರಿಂದ ಹಿಂದಿದ್ದೂ ಆಯ್ಲರ್ಸನ್ನು ಪ್ಲೇಆಫ್‌ನಿಂದಲೇ ಹೊರದಬ್ಬಿತು. ಆ ದಿನ ಕೇಳಿದ್ದರೆ ನೀನು ಏನೆನ್ನುತ್ತಿದ್ದೆ, ನನಗೆ ಗೊತ್ತು.

ಕಾರ್ಸನ್ ಎಡ್ಮಂಟನ್‌ನಲ್ಲಿ ತನ್ನ ಮೊದಲ ಸೀಸನ್‌ನಲ್ಲಿ 49 ಗೋಲು ಹೊಡೆದ. ಎರಡನೆಯದು ಶುರುವಾಗುತ್ತಲೇ ಇಲ್ಲಿ ಆಡಲಾರೆ ಎಂದ. 1989ರ ನವೆಂಬರ್‌ನಲ್ಲಿ ಅವನನ್ನು ಡೆಟ್ರಾಯಿಟ್‌ಗೆ ಕಳಿಸಿದಾಗ ಪೀಟರ್ ಕ್ಲಿಮಾ, ಆಡಮ್ ಗ್ರೇವ್ಸ್, ಜೋ ಮರ್ಫಿ ಬಂದರು. 1990ರ ಫೈನಲ್‌ನಲ್ಲಿ ಎದುರಾಳಿ ಬಾಸ್ಟನ್, ಮೊದಲ ಪಂದ್ಯ ಅವರ ಊರಿನಲ್ಲೇ ಮೂರನೇ ಹೆಚ್ಚುವರಿ ಅವಧಿಗೆ ಎಳೆಯಿತು. ಬೆಂಚಿನಲ್ಲೇ ಕೂತು ಕೂತು ಬೇಸತ್ತಿದ್ದ ಕ್ಲಿಮಾ ಐಸ್‌ಗಿಳಿದು ಗೋಲು ಹೊಡೆದ. ಆಯ್ಲರ್ಸ್ ಗೋಲ್‌ಕೀಪರ್ ಬಿಲ್ ರ್ಯಾನ್‌ಫರ್ಡ್‌ನ ಕಥೆ ಇನ್ನೂ ಚೆಂದ: ಎರಡು ವರ್ಷ ಮುಂಚೆ ಆಯ್ಲರ್ಸ್ ಆಂಡಿ ಮೂಗ್‌ನನ್ನು ಬಾಸ್ಟನ್‌ಗೆ ಕೊಟ್ಟು ಇವನನ್ನು ತಂದಿತ್ತು, ಈಗ ಎದುರು ಗೋಲಿನಲ್ಲಿ ನಿಂತವನು ಅದೇ ಮೂಗ್! ಗ್ರೆಟ್ಜ್ಕಿಯಿಲ್ಲದ ಆಯ್ಲರ್ಸ್ ಕಪ್ ಎತ್ತಿತು. ಗ್ರೆಟ್ಜ್ಕಿಯಿದ್ದ ಕಿಂಗ್ಸ್ 1993ರಲ್ಲಿ ಫೈನಲ್ ತಲುಪಿ ಮಾಂಟ್ರಿಯಲ್‌ಗೆ ಸೋತಿತು.

ಹಾಗಾದರೆ ಆಯ್ಲರ್ಸ್ ಮಾಡಿದ್ದು ಜಾಣತನವೇ? ಅವಸರ ಬೇಡ. 1990ರ ನಂತರ ಆ ತಂಡಕ್ಕೆ ಮತ್ತೆ ಕಪ್ ಒಲಿದಿಲ್ಲ. ಮಾಲೀಕ ಪೀಟರ್ ಪಾಕ್ಲಿಂಗ್ಟನ್‌ಗೆ ಬೇಕಿದ್ದ ನಗದು ಅಂದೇ ಸಿಕ್ಕಿತು, ಅವನ ಲೆಕ್ಕ ಅಲ್ಲಿಗೆ ಮುಗಿಯಿತು. ಗ್ರೆಟ್ಜ್ಕಿಯಿದ್ದಾಗ ಕಪ್ ಗೆಲ್ಲದ ಲಾಸ್ ಏಂಜಲೀಸ್‌ಗೆ ಪ್ರೇಕ್ಷಕರು ಸಿಕ್ಕರು. ಕ್ಯಾಲಿಫೋರ್ನಿಯಾದಲ್ಲಿ 1991ಕ್ಕೆ ಸ್ಯಾನ್ ಹೋಸೆ, 1993ಕ್ಕೆ ಆ್ಯನಹೈಮ್ ತಂಡಗಳೂ ಹುಟ್ಟಿದವು. ನೀನು ಯಾರ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದೀಯ ಎಂದು ಮೊದಲು ಹೇಳು, ಆಮೇಲೆ ಜಗಳ ಆಡೋಣ.

ಎಡ್ಮಂಟನ್ನಿನವರನ್ನು ಕೇಳಿದರೂ ಒಂದೇ ಉತ್ತರ ಸಿಗದು. ಕಪ್ ಎತ್ತಿ ನಿಂತ ಗ್ರೆಟ್ಜ್ಕಿಯ ಕಂಚಿನ ಪ್ರತಿಮೆಯನ್ನು, ಅವನನ್ನು ಮಾರಿದ ಮರುವರ್ಷವೇ, ತಮ್ಮ ಕ್ರೀಡಾಂಗಣದ ಮುಂದೆ ನಿಲ್ಲಿಸಿದವರೂ ಅವರೇ.