ಅಂತರಂಗವನ್ನು ಕೇಳುವ ಬಗೆ

ಒಬ್ಬರ ಅಂತರಂಗದಲ್ಲಿ ನಡೆದುದು ಮತ್ತೊಬ್ಬರ ಕಣ್ಣಿಗೆ ಬೀಳತಕ್ಕುದಲ್ಲ. ಅವರ ಬಾಯಿಂದಲೇ ಕೇಳಿ ತಿಳಿಯಬೇಕು. ಕೇಳುವ ಬಗೆ ತಪ್ಪಿತೆಂದರೆ, ಬರುವ ಉತ್ತರವು ಹೇಳುವವರದಾಗದೆ ಕೇಳುವವರದೇ ಆಗುವುದು.

ಕೊಡಗಿನ ಜನಜೀವನವನ್ನು ಕೇಳಿ, ಕಂಡು ಬರೆದವರಲ್ಲಿ ಶ್ರೀ ಎಂ. ಎನ್. ಶ್ರೀನಿವಾಸರು ಪ್ರಸಿದ್ಧರು. ಕೊಡವರ ಒಕ್ಕ, ಹಬ್ಬ, ಸಂಸ್ಕಾರಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಆಚಾರವನ್ನಾದರೋ ಹತ್ತು ಮಂದಿಯನ್ನು ಕೇಳಿ ತಾಳೆ ನೋಡಬಹುದು. ಕೊಡ್ಲಿಪೇಟೆಯ ಕಡೆಯ ಭಕ್ತನೊಬ್ಬನು ಮುಂಜಾನೆ ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟಾಗ ಒಳಗೇನಾಯಿತೆಂಬುದಕ್ಕೆ ಎರಡನೆಯ ಸಾಕ್ಷಿಯಿಲ್ಲ.

"ಪೂಜೆಯಲ್ಲಿ ಏನು ಅನುಭವವಾಯಿತು?" ಎಂದರೆ ಆತನು "ಶಾಂತಿ ದೊರೆಯಿತು" ಎನ್ನುವನು, ವಚನಗಳನ್ನು ಓದಿದವನಾದರೆ "ಸಾಮರಸ್ಯ" ಎಂದಾನು. ಸುಳ್ಳಲ್ಲ, ಆದರೆ ಕಲಿತ ಮಾತು. "ಬೆಳಕು ಕಂಡಿತೇ?" ಎಂಬ ಪ್ರಶ್ನೆ ಇನ್ನೂ ಕೆಟ್ಟದು, ಹಿರಿಯರೆದುರು ಇಲ್ಲವೆನ್ನಲು ಸಂಕೋಚಪಟ್ಟು ಹೌದೆಂದುಬಿಡುವವರುಂಟು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯೆರ್ ವೆರ್ಮೆರ್ಷರು 1994ರ ತಮ್ಮ ಗ್ರಂಥದಲ್ಲಿ ವಿವರಿಸಿದ ಸಂದರ್ಶನ ಪದ್ಧತಿಯು ಈ ತೊಡಕನ್ನೇ ಬಿಡಿಸಹೊರಟುದು. ದಿನನಿತ್ಯದ ಮಾತನ್ನು ಬಿಟ್ಟು ಒಂದೇ ದಿನದ ಒಂದೇ ಗಳಿಗೆಯನ್ನು ಹಿಡಿಯಬೇಕು. "ಏಕೆ" ಎಂದು ಕೇಳಲಾಗದು. ಕೇಳಿದೊಡನೆ ಮನಸ್ಸು ಅನುಭವವನ್ನು ತೊರೆದು ಕಾರಣ ಹುಡುಕಲು ಹೊರಡುವುದು. ನಿನ್ನೆ ಲಿಂಗವನ್ನು ಅಂಗೈಗೆ ತಂದುಕೊಂಡಾಗ ಕಿವಿಗೆ ಏನು ಬೀಳುತ್ತಿತ್ತು? ಹೆಂಚಿನ ಮೇಲಣ ಮಳೆ. ಆ ಸದ್ದು ಆಮೇಲೆ ಹೇಗಾಯಿತು? ಇಲ್ಲಿ ಭಕ್ತನು ಮಾತು ನಿಲ್ಲಿಸಿ ಎತ್ತಲೋ ನೋಡುವನು. ಆಗ ಅವಸರಪಡಬಾರದು. ಆತನು ಆ ಗಳಿಗೆಗೆ ಮರಳುತ್ತಿರುವನು. ಮುಂದೆ ತಡವರಿಸುತ್ತ ಬರುವ ಮಾತು ಆತನದೇ.

ಶರಣಪರಂಪರೆಗೆ ಇಂಥ ಕೇಳುವಿಕೆ ಹೊಸತಲ್ಲ. ಶೂನ್ಯಸಂಪಾದನೆಯಲ್ಲಿ, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುವ ಮುಕ್ತಾಯಕ್ಕನಿಗೆ ಅಲ್ಲಮಪ್ರಭುದೇವರು ಒಡನೆಯೇ ಸಮಾಧಾನ ಹೇಳುವುದಿಲ್ಲ, ನೀನಾರೆಂದು ವಿಚಾರಿಸುವರು. ಆಕೆಯ ಉತ್ತರದಿಂದಲೇ ಮುಂದಿನ ಮಾತು ಹುಟ್ಟುವುದು. ಆಕೆಯೂ ಸುಲಭವಾಗಿ ಒಪ್ಪಳು; ಅರಿತವರಿಗೆ ನುಡಿಯೇಕೆಂದು ಪ್ರಭುವನ್ನೇ ತಡೆದು ನಿಲ್ಲಿಸುವಳು. ಈ ಸಂವಾದವು ನಡೆದ ಮಾತಿನ ಯಥಾವತ್ ದಾಖಲೆಯೇನಲ್ಲ. 12ನೆಯ ಶತಮಾನದ ವಚನಗಳನ್ನು ಬಹುಕಾಲದ ಮೇಲೆ ಶಿವಗಣಪ್ರಸಾದಿ ಮಹದೇವಯ್ಯಗಳು ಮೊದಲು ಹೀಗೆ ಜೋಡಿಸಿದರು. ಆದರೂ ಪ್ರಶ್ನೆಯ ವರಸೆ ಅವರಿಗೆ ಚೆನ್ನಾಗಿ ತಿಳಿದಿತ್ತು.

ಒಂದು ಭೇದವನ್ನು ಮರೆಯಲಾಗದು. ಪ್ರಭುದೇವರು ಕೇಳಿದುದು ಸಂಶಯವನ್ನು ಮುರಿಯಲೆಂದು. ವಿಷಯ ಸಂಗ್ರಹಿಸಲು ಬಂದವನಿಗೆ ಆ ಅಧಿಕಾರವಿಲ್ಲ. ದೀಕ್ಷೆಯಲ್ಲಿ ಗುರುವು ಕಿವಿಯಲ್ಲಿ ಉಸುರಿದುದನ್ನು ಆತನು ಕೇಳತಕ್ಕುದಲ್ಲ. ಭಕ್ತನು "ಸಾಕು" ಎಂದೊಡನೆ ಬರೆಯುವ ಪುಸ್ತಕವನ್ನು ಮುಚ್ಚತಕ್ಕುದು.